ಊರಿನ ಹಾಡುಗುಂಪು: ಮೊದಲ ಹಾಡನ್ನು ಯಾರು ಕಲಿಸಬೇಕು?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಊರಿನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ. ಮಲಯಾಳ ಮಾತಾಡುವ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳಿವೆ. ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಎರವ ಬುಡಕಟ್ಟಿನವರಿದ್ದಾರೆ. ಈಚೆಗೆ ಅಸ್ಸಾಮಿನ ಕಡೆಯವರೂ ಬಂದಿದ್ದಾರೆ. ಒಬ್ಬರ ಮುಖ ಒಬ್ಬರಿಗೆ ಗೊತ್ತು, ಮಾತಿಲ್ಲ. ಎಲ್ಲರೂ ಸೇರಿ ಹಾಡುವ ಒಂದು ಗುಂಪು ಕಟ್ಟಬೇಕು ಅನ್ನಿಸಿದೆ. ಆದರೆ ನನಗೆ ಸಂಗೀತ ಬರುವುದಿಲ್ಲ. ಯಾವ ಭಾಷೆಯ ಹಾಡು ಅಂತ ಜನ ಈಗಲೇ ಕೇಳುತ್ತಿದ್ದಾರೆ. ನನ್ನ ಅಕ್ಕನ ಮಗನಿಗೆ ಹನ್ನೊಂದು ವರ್ಷ, ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವನನ್ನು ಬಿಟ್ಟು ಇಂಥದ್ದು ಮಾಡಲು ಮನಸ್ಸಿಲ್ಲ. ಹಾಡಿನಿಂದ ನಿಜವಾಗಿ ಜನ ಹತ್ತಿರ ಆಗುತ್ತಾರಾ? ಇಲ್ಲ ಇದೂ ಒಂದು ಕಾರ್ಯಕ್ರಮ ಆಗಿ ಮುಗಿಯುತ್ತದಾ?

ಉತ್ತರ: ಸಂಗೀತ ಬರುವುದಿಲ್ಲ ಅಂತ ಸಂಕೋಚ ಪಟ್ಟುಕೊಂಡಿದ್ದೀರಿ. ನನಗೆ ಸಂಗೀತ ಬರುತ್ತಿತ್ತು. ಅದರಿಂದಲೇ ನನ್ನ ಮೊದಲ ಗುಂಪು ಕೆಟ್ಟಿತು. ಆ ಕಥೆ ಮೊದಲು ಹೇಳಿಬಿಡುತ್ತೇನೆ.

ಸುಮಾರು ವರ್ಷಗಳ ಹಿಂದಿನ ಮಾತು. ಕೊಡಗಿನದೇ ಒಂದು ಚಿಕ್ಕ ಪೇಟೆ. "ಹಾಡಲು ಬನ್ನಿ, ಎಲ್ಲರಿಗೂ ಸ್ವಾಗತ" ಅಂತ ಬರೆದು ಅಂಗಡಿ ಗೋಡೆಗಳಿಗೆ ಚೀಟಿ ಅಂಟಿಸಿದೆ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅಂತ ಗೊತ್ತು ಮಾಡಿದೆ. ಹಾರ್ಮೋನಿಯಂ ಇಟ್ಟೆ, ಶ್ರುತಿ ಪೆಟ್ಟಿಗೆ ಇಟ್ಟೆ, ಒಂದು ಚೆಂದದ ಭಾವಗೀತೆಯನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಇಪ್ಪತ್ತಕ್ಕೂ ಜಾಸ್ತಿ ಜನ ಬಂದರು. ಹತ್ತಿರದ ತೋಟದ ಲೈನಿನಿಂದ ಐದು ಹೆಂಗಸರೂ ಬಂದಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಎರಡನೇ ವಾರ ಅವರಲ್ಲಿ ಮೂವರು ಬಂದರು. ಮೂರನೇ ವಾರ ಒಬ್ಬರೂ ಇಲ್ಲ.

ಯಾರೂ ಅವರಿಗೆ ಏನೂ ಅಂದಿರಲಿಲ್ಲ. ಎಲ್ಲರೂ ನಗುನಗುತ್ತಾ ಮಾತಾಡಿಸಿದ್ದರು. ಆಮೇಲೆ ಯಾವಾಗಲೋ ಅವರಲ್ಲಿ ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಯಾಕಮ್ಮ ಬರಲಿಲ್ಲ ಅಂದೆ. "ಪೇಪರ್ ಕೊಟ್ರಲ್ಲ" ಅಂದರು. ಅಷ್ಟೇ. ನನಗೆ ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಅವರಿಗೆ ಓದಲು ಬರುವುದಿಲ್ಲ. ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದೇನೋ ಏನೋ ಅನ್ನುವ ಅಂಜಿಕೆಯಲ್ಲೇ ಒಂದೂವರೆ ಗಂಟೆ ಕೂತಿದ್ದರು. ಸಾಲದ್ದಕ್ಕೆ ಭಾನುವಾರ. ವಾರಕ್ಕೆ ಒಂದೇ ರಜೆ. ಸಂತೆಗೆ ಹೋಗಬೇಕು, ಬಟ್ಟೆ ಒಗೆಯಬೇಕು, ಮಕ್ಕಳ ತಲೆ ತೊಳೆಯಬೇಕು. ಹತ್ತೂವರೆ ನನಗೆ ಅನುಕೂಲದ ಹೊತ್ತು, ಅವರಿಗಲ್ಲ.

"ಎಲ್ಲರಿಗೂ" ಅಂತ ಬರೆದದ್ದು ನಾನು. ಹೊತ್ತು, ಜಾಗ, ಭಾಷೆ, ಹಾಡು ಎಲ್ಲ ಆರಿಸಿದ್ದೂ ನಾನೇ. ಅವರ ಪಾಲಿಗೆ ಉಳಿದದ್ದು ಬಂದು ಕೂರುವುದು ಮಾತ್ರ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಹಾಡಿನಿಂದ ಜನ ಹತ್ತಿರ ಆಗುತ್ತಾರಾ? ಆಗುತ್ತಾರೆ, ಅದೂ ಬೇಗ ಆಗುತ್ತಾರೆ. ಒಟ್ಟಿಗೆ ಹಾಡುವವರು ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಕಲ್ಲ. ಸಾಲು ಮುಗಿದ ಕಡೆ ಎಲ್ಲರ ಉಸಿರೂ ಒಳಗೆ ಹೋಗುತ್ತದೆ, ಮುಂದಿನ ಸಾಲಿಗೆ ಎಲ್ಲರದೂ ಹೊರಗೆ ಬರುತ್ತದೆ. ಉಸಿರಿಗೂ ಎದೆಬಡಿತಕ್ಕೂ ನಂಟಿದೆ. ಉಸಿರು ಎಳೆದಾಗ ಬಡಿತ ಕೊಂಚ ಚುರುಕಾಗುತ್ತದೆ, ಬಿಟ್ಟಾಗ ಕೊಂಚ ನಿಧಾನವಾಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಹದಿಹರೆಯದವರನ್ನು ಕೂರಿಸಿ ಹಾಡಿಸಿ ಇದನ್ನು ಅಳೆದು ನೋಡಿದರು. ಒಟ್ಟಿಗೆ ಹಾಡುವಾಗ ಅವರ ಎದೆಬಡಿತದ ಏರಿಳಿತಗಳೂ ಒಟ್ಟಿಗೆ ಸಾಗುತ್ತಿದ್ದವು. ಹಾಡಿನ ಸಾಲು ಎಷ್ಟು ಉದ್ದ ಅನ್ನುವುದೇ ಎಲ್ಲರ ಉಸಿರನ್ನೂ ನಡೆಸುತ್ತಿತ್ತು.

ಇದಕ್ಕಿಂತ ನಮಗೆ ಕೆಲಸಕ್ಕೆ ಬರುವುದು ಇನ್ನೊಂದು ಅಧ್ಯಯನ. 2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಹೊಸದಾಗಿ ಶುರುವಾದ ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿದ್ದನ್ನು ಪ್ರಕಟಿಸಿದರು. ಕೆಲವು ಹಾಡಿನ ತರಗತಿಗಳು, ಮಿಕ್ಕವು ಕೈಕಸುಬು ಮತ್ತು ಕಥೆ ಬರೆಯುವ ತರಗತಿಗಳು. ಹಾಡುವವರು ಮೊದಲ ತಿಂಗಳಲ್ಲೇ ಒಬ್ಬರಿಗೊಬ್ಬರು ಹತ್ತಿರವಾದರು. ಆದರೆ ಏಳು ತಿಂಗಳು ಮುಗಿಯುವ ಹೊತ್ತಿಗೆ ಉಳಿದ ತರಗತಿಯವರೂ ಅಷ್ಟೇ ಹತ್ತಿರವಾಗಿದ್ದರು. ಹಾಡಿನ ಬಗ್ಗೆ ಮಾತಾಡುವವರು ಈ ಎರಡನೇ ಅರ್ಧವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ನನಗೆ ಅದೇ ಮುಖ್ಯ. ಹಾಡು ನಿಮಗೆ ಮೊದಲ ತಿಂಗಳನ್ನು ಪುಕ್ಕಟೆ ಕೊಡುತ್ತದೆ. ಆಮೇಲಿನದನ್ನು ಬೇರೆ ಯಾವುದೇ ಸಂಘದ ಹಾಗೆ ನೀವೇ ದುಡಿದುಕೊಳ್ಳಬೇಕು.

ಇನ್ನೂ ಒಂದು. ಒಟ್ಟಿಗೆ ನಿಂತ ಮಾತ್ರಕ್ಕೆ ಒಟ್ಟಿಗೆ ಹಾಡಿದಂತಲ್ಲ. ನಾಡಗೀತೆಯ ಹೊತ್ತಿನಲ್ಲಿ ಯಾವುದೇ ಸಭೆಯನ್ನು ನೋಡಿ. 2022ರಲ್ಲಿ ಸರ್ಕಾರ ಅದಕ್ಕೆ 2 ನಿಮಿಷ 30 ಸೆಕೆಂಡ್ ಅಂತ ಗೊತ್ತು ಮಾಡಿತು. ಅಷ್ಟು ಹೊತ್ತೂ ಮೈಕ್ ಮುಂದೆ ನಾಲ್ಕು ಹುಡುಗಿಯರು ಹಾಡುತ್ತಾರೆ. ನಾವೆಲ್ಲ ಕೈ ಇಳಿಬಿಟ್ಟು ನಿಂತು ಫ್ಯಾನ್ ನೋಡುತ್ತೇವೆ. ನಾನೂ ನೋಡಿದ್ದೇನೆ, ಸುಳ್ಳು ಯಾಕೆ.

ಕೊಡಗಿನಲ್ಲಿ ಸೇರಿ ಹಾಡುವುದು ಹೊಸದಲ್ಲ, ನಿಮಗೇ ಗೊತ್ತು. ಸುಗ್ಗಿಯ ಹಬ್ಬ ಪುತ್ತರಿಗೆ, ದುಡಿ ಅನ್ನುವ ಚಿಕ್ಕ ಚರ್ಮವಾದ್ಯ ಬಡಿದು ಹಾಡುವ ದುಡಿಕೊಟ್ಟ್ ಪಾಟ್ ಇದೆ. ಉಮ್ಮತ್ತಾಟ್‌ನಲ್ಲಿ ಹೆಂಗಸರು ತಾಳ ಹಿಡಿದು ಸುತ್ತು ಬರುತ್ತಾ ಹಾಡುತ್ತಾರೆ. ಗೌಡರ ಮನೆ ಮದುವೆಯಲ್ಲಿ ಸೋಬಾನೆ ಇದೆ. ಚರ್ಚಿನಲ್ಲಿ ಕಾಯರ್ ಇದೆ. ಮಲಯಾಳಿ ಮುಸ್ಲಿಮರಾದ ಮಾಪಿಳ್ಳೆಗಳ ದಫ್ ಬಡಿತ ಮತ್ತು ಒಪ್ಪನ ಹಾಡು ಇದೆ. ಭಜನೆ ಮಂಡಳಿಯಂತೂ ಊರಿಗೊಂದು. ದೇವರಪುರದ ಕುಂಡೆ ಹಬ್ಬಕ್ಕೆ ಎರವರೂ ಜೇನು ಕುರುಬರೂ ಸೋರೆಬುರುಡೆ, ಪ್ಲಾಸ್ಟಿಕ್ ಡಬ್ಬ ಏನು ಸಿಕ್ಕಿದರೆ ಅದನ್ನು ಬಡಿದುಕೊಂಡು ದೇವರಿಗೇ ಬೈದು ಹಾಡುತ್ತಾರೆ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಇಷ್ಟೊಂದು ದನಿಗಳಿವೆ. ಆದರೆ ಪ್ರತಿಯೊಂದೂ ತನ್ನ ಅಂಗಳದಲ್ಲೇ ಇದೆ. ಒಟ್ಟಿಗೆ ಸೇರುವ ಕಡೆಯಲ್ಲೂ ಒಂದು ಗೆರೆ ಇರುತ್ತದೆ. ನಮ್ಮ ಮದುವೆಗಳ ವಾಲಗವನ್ನೇ ನೋಡಿ. ಊದುವವರು, ಬಡಿಯುವವರು ಒಂದು ಕಡೆ. ಕುಣಿಯುವವರು ಇನ್ನೊಂದು ಕಡೆ. ತಲೆಮಾರುಗಳಿಂದ ಯಾರು ಯಾವ ಕಡೆ ಅನ್ನುವುದು ಹೆಚ್ಚು ಬದಲಾಗಿಲ್ಲ. ಹಾಗಾಗಿ ಸಂಗೀತ ತಾನಾಗಿಯೇ ಎಲ್ಲರನ್ನೂ ಸಮ ಮಾಡುತ್ತದೆ ಅಂತ ಯಾರಾದರೂ ಭಾಷಣ ಮಾಡಿದರೆ ನಾನು ಚಪ್ಪಾಳೆ ತಟ್ಟುವುದಿಲ್ಲ.

ದುಡಿ ಪಾಟಿನಿಂದ ಮಾತ್ರ ನಾನು ಒಂದು ದೊಡ್ಡ ಪಾಠ ಕಲಿತೆ. ಅದರಲ್ಲಿ ನಾಲ್ಕು ಜನ ಹಾಡುತ್ತಾರೆ, ನಾಲ್ವರ ಕೈಯಲ್ಲೂ ದುಡಿ. ಇಬ್ಬರು ಒಂದು ಸಾಲು ಹಾಡುತ್ತಾರೆ. ಇನ್ನಿಬ್ಬರು ಅದೇ ಸಾಲನ್ನು ಮತ್ತೆ ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಈ ಹಾಡುಗಳನ್ನು ಸೇರಿಸಿ ಅಚ್ಚು ಹಾಕಿಸುವ ಮೊದಲು ಅವೆಲ್ಲ ಬಾಯಿಂದ ಬಾಯಿಗೇ ಬಂದವು. ಯಾಕೆ ಅಷ್ಟು ಉದ್ದದ ಹಾಡುಗಳು ಮರೆತುಹೋಗಲಿಲ್ಲ? ಹಾಡುವ ಕ್ರಮದಲ್ಲೇ ಕಲಿಯುವ ಕ್ರಮವೂ ಇದೆ. ಮೊದಲ ಜೋಡಿ ಹೇಳುವಾಗ ಎರಡನೇ ಜೋಡಿ ಕೇಳಿಸಿಕೊಳ್ಳುತ್ತದೆ. ಎರಡನೆಯವರು ಹೇಳುವಾಗ ಮೊದಲಿನವರಿಗೆ ಮುಂದಿನ ಸಾಲು ನೆನಪಿಸಿಕೊಳ್ಳಲು ಬಿಡುವು ಸಿಗುತ್ತದೆ.

ನಿಮ್ಮ ಗುಂಪಿಗೆ ಇದೇ ಸಾಕು. ಒಬ್ಬರು ಸಾಲು ಎತ್ತಿ ಕೊಡುವುದು, ಮಿಕ್ಕವರು ಹಿಮ್ಮೇಳದ ಹಾಗೆ ಹಿಡಿದುಕೊಳ್ಳುವುದು. ಜೆರಾಕ್ಸ್ ಬೇಡ, ಬೋರ್ಡಿನ ಮೇಲೆ ಬರೆಯುವುದೂ ಬೇಡ. ಓದು ಬರುವವರಿಗೆ ಕಾಗದ ಇಲ್ಲದೆ ಮೊದಲು ಕೈಕಾಲು ಆಡುವುದಿಲ್ಲ. ಎರಡು ವಾರ ತಡೆದುಕೊಳ್ಳಲಿ. ಅಷ್ಟೊಂದು ವರ್ಷ ಮಿಕ್ಕವರು ತಡೆದುಕೊಂಡಿಲ್ಲವಾ?

ಯಾವ ಭಾಷೆ ಅನ್ನುವ ಪ್ರಶ್ನೆ. ಜನ ಕೇಳುವುದು "ಯಾವ ಭಾಷೆಯ ಹಾಡು" ಅಂತ. ನೀವು ಅದನ್ನು ಸ್ವಲ್ಪ ತಿರುಗಿಸಿ, "ಯಾರು ಕಲಿಸುತ್ತಾರೆ" ಅಂತ ಮಾಡಿಕೊಳ್ಳಿ. ನನ್ನ ಅನುಭವದಲ್ಲಿ ಗುಂಪು ಉಳಿಯುತ್ತದೋ ಇಲ್ಲವೋ ಅನ್ನುವುದು ಇದೊಂದರಲ್ಲೇ ಗೊತ್ತಾಗುತ್ತದೆ. ಊರಿನಲ್ಲಿ ಯಾರ ಮಾತು ಅತಿ ಕಡಿಮೆ ನಡೆಯುತ್ತದೋ ಅವರು ಮೊದಲ ಹಾಡು ಕಲಿಸಲಿ. ನಿಮ್ಮ ಊರಿನಲ್ಲಿ ಅದು ಬಹುಶಃ ಎರವರ ಮನೆಯ ಒಬ್ಬ ಹೆಂಗಸು.

ಎರಡನೇ ಗುಂಪಿನಲ್ಲಿ ನಾನು ಹಾಗೆ ಮಾಡಿದೆ. ಎರವ ಸಮುದಾಯದ ಒಬ್ಬ ಅಜ್ಜಿ ಮಗು ಮಲಗಿಸುವ ನಾಲ್ಕು ಸಾಲಿನ ಹಾಡು ಹೇಳಿಕೊಟ್ಟರು. ಕನ್ನಡಕ್ಕೂ ಮಲಯಾಳಕ್ಕೂ ಹತ್ತಿರ ಅನ್ನಿಸುವ ಭಾಷೆ, ಹಾಗಾಗಿ ಎಲ್ಲರೂ ಸುಲಭ ಅಂದುಕೊಂಡರು. ಅಲ್ಲಿ ಒಬ್ಬರು ರಿಟೈರ್ಡ್ ಆಫೀಸರ್ ಇದ್ದರು, ಗಡಸು ದನಿ. ಒಂದು ಪದವನ್ನು ಮತ್ತೆ ಮತ್ತೆ ತಪ್ಪು ಹೇಳುತ್ತಿದ್ದರು. ಅಜ್ಜಿ ಮೂರು ಸಲ ಸುಮ್ಮನಿದ್ದರು. ನಾಲ್ಕನೇ ಸಲ ಹತ್ತಿರ ಹೋಗಿ, ತಮ್ಮ ಬಾಯಿ ತೋರಿಸಿ, ನಾಲಿಗೆ ಎಲ್ಲಿ ಇಡಬೇಕು ಅಂತ ಹೇಳಿಕೊಟ್ಟರು. ಅವರು ಚಿಕ್ಕ ಹುಡುಗನ ಹಾಗೆ ನಾಲಿಗೆ ಹೊರಗೆ ಹಾಕಿ ಕಲಿತರು. ಎಲ್ಲರೂ ನಕ್ಕರು, ಅವರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಮೇಷ್ಟ್ರು ನಗುತ್ತಾರಾ? ಪೂರ್ತಿ ಸರಿ ಬರುವವರೆಗೆ ಬಿಡಲಿಲ್ಲ.

ಅಜ್ಜಿಯ ಹಾಡನ್ನು ನಾನು ಕಲಿತುಕೊಂಡು ನಾನೇ ಕಲಿಸಿದ್ದರೆ ಇದಾಗುತ್ತಿರಲಿಲ್ಲ. ಹಾಡು ಅವರದು, ಯಜಮಾನಿಕೆ ನನ್ನದು ಆಗುತ್ತಿತ್ತು. ತುಂಬಾ ಕಡೆ "ಎಲ್ಲ ಭಾಷೆಗೂ ಜಾಗ ಕೊಟ್ಟಿದ್ದೇವೆ" ಅನ್ನುವವರು ಹೀಗೇ ಮಾಡುತ್ತಾರೆ. ಸಂಗೀತ ಬಂದವರಿಗೆ ಈ ಚಪಲ ಜಾಸ್ತಿ. ನಿಮಗೆ ಸಂಗೀತ ಬರುವುದಿಲ್ಲ ಅಂದಾಗ ನನಗೆ ಸಮಾಧಾನ ಆದದ್ದು ಅದಕ್ಕೇ.

ಹಾಡು ಕೇಳುವಾಗ ಒಂದು ಎಚ್ಚರ. ಎಲ್ಲ ಹಾಡೂ ಎಲ್ಲರಿಗೂ ಅಲ್ಲ. ಕೊಡವರಲ್ಲಿ ಸಾವಿನ ಮನೆಯಲ್ಲಿ ಹಾಡುವ ಹಾಡನ್ನು ಸುಮ್ನೆ ಸಂಜೆ ಹೊತ್ತು ಹಾಡುವುದಿಲ್ಲ. ಬೇರೆಯವರಲ್ಲೂ ದೇವರಿಗೆ ಮಾತ್ರ, ಸಾವಿಗೆ ಮಾತ್ರ ಅಂತ ಇರುವ ಹಾಡುಗಳಿವೆ. "ಇದನ್ನು ಇಲ್ಲಿ ಹಾಡಬಹುದಾ, ಬೇರೆಯವರು ಕಲಿಯಬಹುದಾ?" ಅಂತ ಕೇಳಿ. ಬೇಡ ಅಂದರೆ ಕಾರಣ ಕೇಳಬೇಡಿ. ಅಸ್ಸಾಮಿನಿಂದ ಬಂದವರನ್ನೂ ಒಂದೇ ಗಂಟು ಕಟ್ಟಬೇಡಿ. ಅವರಲ್ಲಿ ಅಸ್ಸಾಮಿ ಮಾತಾಡುವವರಿದ್ದಾರೆ, ಬಂಗಾಳಿಯವರಿದ್ದಾರೆ, ಚಹಾ ತೋಟಗಳ ಕಡೆಯಿಂದ ಬಂದ ಸಾದ್ರಿ ಮಾತಿನವರೂ ಇರಬಹುದು. ನಮಗೆ ಅವರೆಲ್ಲ "ಅಸ್ಸಾಮಿನವರು". ಅವರಿಗೆ ನಾವೆಲ್ಲ ಏನೋ!

ದೇವರ ಹಾಡುಗಳನ್ನು ಮೊದಲ ವರ್ಷ ದೂರ ಇಡಿ ಅಂತ ನನ್ನ ಸಲಹೆ. ಇದಕ್ಕೆ ಒಪ್ಪದವರಿದ್ದಾರೆ. ಬೋಸ್ನಿಯಾದ ಸರಾಯೆವೊದಲ್ಲಿ, ಯುದ್ಧ ಮುಗಿದ ಮರುವರ್ಷ, 1996ರಲ್ಲಿ, ಇವೊ ಮಾರ್ಕೊವಿಚ್ ಅನ್ನುವ ಕ್ರೈಸ್ತ ಸನ್ಯಾಸಿ ‘ಪೊಂತಾನಿಮಾ’ ಅಂತ ಒಂದು ಗಾಯನವೃಂದ ಕಟ್ಟಿದರು. ಅಲ್ಲಿ ಕ್ಯಾಥೊಲಿಕ್, ಆರ್ಥೊಡಾಕ್ಸ್, ಮುಸ್ಲಿಂ, ಯಹೂದಿ ದೇವರ ಹಾಡುಗಳನ್ನು ಎಲ್ಲರೂ ಸೇರಿ ಹಾಡುತ್ತಾರೆ. ಅದು ದೊಡ್ಡ ಎದೆಗಾರಿಕೆ. ಆದರೆ ಅಲ್ಲಿ ಸೇರಿದವರು ಅದಕ್ಕೆಂದೇ ಸೇರಿದವರು. ನಮ್ಮ ಊರುಗಳಲ್ಲಿ ಶುರುವಿಗೇ ಅದನ್ನು ಇಟ್ಟರೆ, ಬರಬೇಕು ಅಂದುಕೊಂಡವರು ಮನೆಯಲ್ಲಿ ಒಂದು ಮಾತು ಕೇಳಿಸಿಕೊಂಡು ನಿಂತುಬಿಡುತ್ತಾರೆ. ಜೋಗುಳ, ನಾಟಿ ಹಾಡು, ಮಳೆ ಹಾಡು, ಮಕ್ಕಳ ಆಟದ ಹಾಡು, ಇಷ್ಟರಲ್ಲೇ ಒಂದು ವರ್ಷ ಕಳೆಯಬಹುದು. ಜೋಗುಳ ಇಲ್ಲದ ಭಾಷೆ ನಾನಂತೂ ಕಂಡಿಲ್ಲ. ಅದರಲ್ಲಿ ಸ್ವರಗಳೂ ಕಡಿಮೆ, ಗಂಟಲಿಗೂ ಸುಲಭ.

ಗಂಟಲಿನ ಮಾತು ಬಂತಲ್ಲ, ಸಂಗೀತದ ಭಾಗವನ್ನು ಇಲ್ಲೇ ಮುಗಿಸುತ್ತೇನೆ. ಐದಾರು ಸ್ವರಗಳ ಒಳಗೆ ಓಡಾಡುವ ಹಾಡು ಆರಿಸಿ. ಶ್ರುತಿಯನ್ನು ಹಾರ್ಮೋನಿಯಂ ನೋಡಿ ಇಡಬೇಡಿ, ಜನರನ್ನು ನೋಡಿ ಇಡಿ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸಿ. ಕುತ್ತಿಗೆಯ ನರ ಉಬ್ಬಿದರೆ ಇಳಿಸಿ. ಗಂಡಸರು ಹೆಂಗಸರಿಗಿಂತ ಒಂದು ಸ್ಥಾಯಿ ಕೆಳಗೆ ಹಾಡಿಕೊಳ್ಳುತ್ತಾರೆ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೆರಡು ತಿಂಗಳಾದ ಮೇಲೆ ನಾಲ್ಕು ಜನರಿಗೆ ಸುಮ್ನೆ ಷಡ್ಜ, ಅಂದರೆ ‘ಸ’ ಸ್ವರ, ಹಿಡಿದು ನಿಲ್ಲಲು ಹೇಳಿ, ಮಿಕ್ಕವರು ಅದರ ಮೇಲೆ ಹಾಡಲಿ. ಆಮೇಲೆ ಅರ್ಧ ಗುಂಪು ಒಂದು ಸಾಲು ತಡವಾಗಿ ಶುರು ಮಾಡಲಿ. ಆ ದಿನ ಮೊದಲು ಗೋಜಲಾಗುತ್ತದೆ, ಆಮೇಲೆ ಒಂದು ಕ್ಷಣ ಎರಡೂ ದನಿ ಹೊಂದಿಕೊಳ್ಳುತ್ತದೆ, ಎಲ್ಲರ ಮುಖ ಅರಳುತ್ತದೆ. ಅದನ್ನು ನಾನು ಬರೆದು ತಿಳಿಸಲಾರೆ.

ಚರ್ಚ್ ಕಾಯರ್‌ನಲ್ಲಿ ಹಾಡಿದವರು ಊರಿನಲ್ಲಿದ್ದರೆ ಕರೆಯಿರಿ. ಪಕ್ಕದವರು ಬೇರೆ ಸ್ವರ ಹಾಡುತ್ತಿದ್ದರೂ ತನ್ನ ಸ್ವರ ಬಿಡದೆ ಹಿಡಿಯುವ ಅಭ್ಯಾಸ ಅವರಿಗೆ ಇರುತ್ತದೆ. ನಮ್ಮ ಶಾಸ್ತ್ರೀಯ ಕಲಿಕೆಯಲ್ಲಿ ಆ ಅಭ್ಯಾಸ ಇಲ್ಲ. ನಮ್ಮ ಹಾಡುಗಳಿಗೆ ಈ ಥರ ಹಲವು ದನಿ ಹೊಂದುವುದಿಲ್ಲ ಅನ್ನುವವರಿಗೆ ಎರಡು ಹೆಸರು ಹೇಳಿ. ರೂಮಾ ಗುಹಾ ಠಾಕುರ್ತಾ 1958ರಲ್ಲಿ ಕಟ್ಟಿದ ಕಲ್ಕತ್ತಾ ಯೂತ್ ಕಾಯರ್, ಎಂ. ಬಿ. ಶ್ರೀನಿವಾಸನ್ ಅವರ ಮದ್ರಾಸ್ ಯೂತ್ ಕಾಯರ್. ನಮ್ಮ ನೆಲದ ಹಾಡುಗಳನ್ನೇ ಎಷ್ಟು ಜನ ಬೇಕಾದರೂ ಹಲವು ದನಿಯಲ್ಲಿ ಹಾಡಬಹುದು ಅಂತ ಅವರು ಹಾಡಿಯೇ ತೋರಿಸಿದರು.

"ನನಗೆ ಹಾಡಲು ಬರಲ್ಲ" ಅನ್ನುವವರು ಬಂದೇ ಬರುತ್ತಾರೆ. ಕೇಳಿ ನೋಡಿ, ಹಿಂದೆ ಒಂದು ಕಥೆ ಇರುತ್ತದೆ. ಶಾಲೆಯ ಪ್ರಾರ್ಥನೆಗೆ ಆರಿಸುವಾಗ ಯಾರೋ "ನೀನು ಬರೀ ತುಟಿ ಅಲ್ಲಾಡಿಸು" ಅಂದಿರುತ್ತಾರೆ. ಐವತ್ತು ವರ್ಷವಾದರೂ ಅದು ಮರೆಯುವುದಿಲ್ಲ. ಸ್ವರದ ಏರಿಳಿತವೇ ತಿಳಿಯದ ತೊಂದರೆ ಕೆಲವರಿಗೆ ಹುಟ್ಟಿನಿಂದ ಇರುವುದು ನಿಜ. ಅಂಥವರು ಹೆಚ್ಚೆಂದರೆ ನೂರಕ್ಕೆ ನಾಲ್ವರು. ಮಿಕ್ಕವರಿಗೆ ಬೇಕಾದದ್ದು ಪಕ್ಕದಲ್ಲಿ ಒಂದು ಗಟ್ಟಿ ದನಿ ಮತ್ತು ಸ್ವಲ್ಪ ಕಾಲ. ಆ ನಾಲ್ವರಲ್ಲಿ ಒಬ್ಬರು ನಿಮ್ಮ ಗುಂಪಿಗೆ ಬಂದರೂ ಏನೂ ಮುಳುಗುವುದಿಲ್ಲ. ನಮ್ಮಲ್ಲಿ ಒಬ್ಬರಿದ್ದರು. ಅವರು ಬರದ ದಿನ ಗುಂಪು ಶ್ರುತಿಯಲ್ಲಿ ಇರುತ್ತಿತ್ತು, ಆದರೆ ಯಾಕೋ ಸಪ್ಪೆ ಅನ್ನಿಸುತ್ತಿತ್ತು. ಆಡಿಷನ್ ಮಾತ್ರ ಯಾವ ಕಾರಣಕ್ಕೂ ಇಡಬೇಡಿ.

ಈಗ ನಿಮ್ಮ ಅಕ್ಕನ ಮಗ. ವೆನೆಜುವೆಲಾದ ‘ಎಲ್ ಸಿಸ್ತೆಮಾ’ ಅನ್ನುವ ಸಂಗೀತ ಶಿಕ್ಷಣದ ಜಾಲದಲ್ಲಿ ‘ಬಿಳಿ ಕೈಗಳ ಕಾಯರ್’ ಅಂತ ಒಂದಿದೆ, 1990ರ ದಶಕದಲ್ಲಿ ಶುರುವಾದದ್ದು. ಒಂದು ಸಾಲಿನಲ್ಲಿ ಹಾಡುವ ಮಕ್ಕಳು, ಇನ್ನೊಂದು ಸಾಲಿನಲ್ಲಿ ಕಿವಿ ಕೇಳಿಸದ ಮಕ್ಕಳು. ಇವರು ಬಿಳಿ ಕೈಗವಸು ಹಾಕಿಕೊಂಡು ಹಾಡನ್ನು ಕೈಯಲ್ಲಿ ಹೇಳುತ್ತಾರೆ. ದನಿಯೂ ಕೈಯೂ ಒಂದೇ ಲಯದಲ್ಲಿ ಸಾಗುತ್ತವೆ.

ಅದನ್ನು ನೋಡಿ ಅವನಿಗೂ ಗವಸು ಹಾಕಿ ಮುಂದೆ ನಿಲ್ಲಿಸಿಬಿಡಬೇಡಿ. ಮೊದಲು ಅವನಿಗೆ ಸನ್ನೆ ಭಾಷೆ ಬರುತ್ತದಾ ನೋಡಿ. ಬರುವುದಾದರೆ ಅಜ್ಜಿ ಹಾಡು ಕಲಿಸಿದ ಹಾಗೆ ಅವನು ಸನ್ನೆ ಕಲಿಸಲಿ. ಮಳೆ ಹೇಗೆ, ಮಗು ಹೇಗೆ, ನಿದ್ದೆ ಹೇಗೆ, ಎಲ್ಲರೂ ಅವನ ಕೈ ನೋಡಿ ಕಲಿಯಲಿ. ಇನ್ನೂ ಬರುವುದಿಲ್ಲ ಅಂದರೆ ದೆಹಲಿಯ ಭಾರತೀಯ ಸನ್ನೆ ಭಾಷಾ ಕೇಂದ್ರದವರು 10,000 ಪದಗಳ ಸನ್ನೆ ನಿಘಂಟು ಮಾಡಿದ್ದಾರೆ, ವಿಡಿಯೊ ರೂಪದಲ್ಲಿ. ಅವನ ಜೊತೆ ಕೂತು ನಿಮ್ಮ ಹಾಡಿಗೆ ಬೇಕಾದ ಹತ್ತು ಪದ ಹುಡುಕಿಕೊಳ್ಳಿ. ಒಂದು ದುಡಿಯೋ ತಮಟೆಯೋ ಅವನ ಕೈಗೆ ಕೊಡಿ. ಚರ್ಮದ ನಡುಕ ಕೈಗೆ ಗೊತ್ತಾಗುತ್ತದೆ, ಮರದ ನೆಲವಾದರೆ ಕಾಲಿಗೂ ಗೊತ್ತಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ಶುರು ಮಾಡುವ ಸನ್ನೆ, ನಿಲ್ಲಿಸುವ ಸನ್ನೆ ಅವನೇ ಕೊಡಲಿ. ಆಗ ಎಲ್ಲರ ಕಣ್ಣೂ ಅವನ ಕೈ ಮೇಲೆ. ಅವನಿಗೆ ಇಷ್ಟವಿಲ್ಲದಿದ್ದರೆ? ಬಿಡಿ. ಹನ್ನೊಂದು ವರ್ಷದ ಹುಡುಗನಿಗೆ ಅಮ್ಮ ಚಿಕ್ಕಮ್ಮಂದಿರ ಜೊತೆ ಹಾಡುವುದಕ್ಕಿಂತ ಹಾಕಿ ಆಟವೇ ಮೇಲು ಅನ್ನಿಸಬಹುದು, ಅದರಲ್ಲೂ ಕೊಡಗಿನಲ್ಲಿ!

ಪಾರ್ಶ್ವವಾಯು ಹೊಡೆದು ಮಾತು ನಿಂತವರು ನಿಮ್ಮ ಊರಿನಲ್ಲಿದ್ದರೆ ಅವರನ್ನೂ ಕರೆಯಲು ಮನೆಯವರಿಗೆ ಹೇಳಿ. ಒಂದು ಪದ ಆಡಲಾರದವರು ಹಳೆಯ ಹಾಡನ್ನು ಪದಗಳ ಸಮೇತ ಹಾಡುವುದುಂಟು. ಮಾತಿಗೂ ಹಾಡಿಗೂ ಮಿದುಳು ಬಳಸುವ ದಾರಿ ಪೂರ್ತಿ ಒಂದೇ ಅಲ್ಲ. ಎಲ್ಲರಿಗೂ ಹಾಗೆ ಆಗುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಮರೆವಿನ ಕಾಯಿಲೆಯ ಹಿರಿಯರಿಗೂ ಮಕ್ಕಳ ಹೆಸರು ಹೋದ ಮೇಲೆ ಹಾಡು ಉಳಿದಿರುವುದುಂಟು.

ಹೊತ್ತಿನ ಲೆಕ್ಕ ಸಂಗೀತದ ಲೆಕ್ಕಕ್ಕಿಂತ ಕಷ್ಟ. ನಿಮ್ಮ ಕಡೆ ಕತ್ತಲಾದ ಮೇಲೆ ಆನೆ. ತೋಟದ ದಾರಿಯಲ್ಲಿ ಏಳು ಗಂಟೆಗೆ ಯಾರನ್ನೂ ನಡೆಸಿಕೊಂಡು ಹೋಗಲು ಬಿಡಬೇಡಿ. ಸಂಜೆ ನಾಲ್ಕೂವರೆಗೆ ಕೆಲಸ ಬಿಟ್ಟರೆ ಐದಕ್ಕೆ ಶುರು, ಆರಕ್ಕೆ ಮುಗಿಯಬೇಕು. ಒಂದು ಗಂಟೆ ಸಾಕು. ಹೆಂಗಸರಿಗೆ 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಪುಕ್ಕಟೆ, ಆದರೆ ನಮ್ಮಲ್ಲಿ ಎಷ್ಟೋ ದಾರಿಯಲ್ಲಿ ಓಡುವುದು ಪ್ರೈವೇಟ್ ಬಸ್ಸು. ಹಾಗಾಗಿ ಜೀಪಿನ ಬಾಡಿಗೆಗೆ ದುಡ್ಡು ಎತ್ತಿಡಿ, ಮೈಕಿಗೆ ಬೇಡ. ಚಹಾ ಎಲ್ಲರಿಗೂ ಒಂದೇ ಥರದ ಲೋಟದಲ್ಲಿ ಕೊಡಿ. ಇದೂ ಹೇಳಬೇಕಾದ ಮಾತಾ ಅನ್ನಿಸಬಹುದು. ಹೇಳಬೇಕಾಗಿ ಬಂದಿದೆ. ಕುರ್ಚಿಗಳನ್ನು ಸಾಲಾಗಿ ಹಾಕದೆ ಸುತ್ತಲೂ ಹಾಕಿ, ಊರವರು ಸೇರಿ ಕುಣಿಯುವ ಬಯಲಾದ ಮಂದ್‌ನಲ್ಲಿ ನಿಲ್ಲುವ ಹಾಗೆ. ಸಾಲು ಹಾಕಿದರೆ ಹಿಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಒಂದೊಂದು ವಾರ ಲೈನ್ ಮನೆಯ ಅಂಗಳದಲ್ಲೇ ಹಾಡುವುದು ಒಳ್ಳೆಯದು. ತೋಟದ ಯಜಮಾನರನ್ನೋ ಲೆಕ್ಕ ಬರೆಯುವ ರೈಟರನ್ನೋ ಕೇಳಬೇಕಾಗುತ್ತದೆ. ಕೇಳಿ. ಆದರೆ ಅದಕ್ಕೂ ಮೊದಲು ಅಲ್ಲಿ ವಾಸ ಇರುವವರನ್ನು ಕೇಳಿ. ಅಂಗಳ ತೋಟದ್ದಾದರೂ ಬಾಗಿಲು ಅವರದು.

ಕಾರ್ಯಕ್ರಮ ಆಗಿ ಮುಗಿಯುತ್ತದಾ ಅಂದಿರಿ. ಆ ಅಪಾಯ ಇದೆ. ಗುಂಪು ಸ್ವಲ್ಪ ಚೆನ್ನಾಗಿ ಹಾಡತೊಡಗಿದರೆ ಸಾಕು, ರಾಜ್ಯೋತ್ಸವಕ್ಕೆ ಕರೆಯುತ್ತಾರೆ. ವೇದಿಕೆ ಅಂದ ಕೂಡಲೇ ಒಂದೇ ಬಣ್ಣದ ಸೀರೆ ಬೇಕಾಗುತ್ತದೆ. ಸೀರೆಗೆ ದುಡ್ಡಿಲ್ಲದವರು ಹುಷಾರಿಲ್ಲ ಅಂತ ಹೇಳಿ ಹಿಂದೆ ಸರಿಯುತ್ತಾರೆ. "ಚೆನ್ನಾಗಿ ಹಾಡುವವರು ಮುಂದೆ ನಿಲ್ಲಿ" ಅಂತ ಯಾರೋ ಅನ್ನುತ್ತಾರೆ. ಆಮೇಲೆ ಸ್ಪರ್ಧೆ, ಬಹುಮಾನ. ಸ್ಪರ್ಧೆಯ ಮೇಲೆ ನನಗೆ ವೈಯಕ್ತಿಕವಾಗಿ ಸಿಟ್ಟಿದೆ ಅಂತಲೇ ಇಟ್ಟುಕೊಳ್ಳಿ. ಮೊದಲ ವರ್ಷ ವೇದಿಕೆ ಹತ್ತಬೇಡಿ. ಯಾರಾದರೂ ಕೇಳಲು ಬಂದರೆ ಕುರ್ಚಿ ಕೊಟ್ಟು ಸುತ್ತಿನ ಒಳಗೇ ಕೂರಿಸಿ, ಒಂದು ಸಾಲು ಹಾಡಿಸಿ ಕಳಿಸಿ.

ಒಂದು ವಿಷಯದಲ್ಲಿ ನಿಮಗೆ ಆಸೆ ತೋರಿಸಲಾರೆ. ಸಂಜೆ ಒಂದೇ ಸುತ್ತಿನಲ್ಲಿ ಹಾಡಿದ ಯಜಮಾನರು ಮತ್ತು ಆಳು ಬೆಳಿಗ್ಗೆ ಮತ್ತೆ ಯಜಮಾನರು ಮತ್ತು ಆಳೇ. ಕೂಲಿ ಹೆಚ್ಚುವುದಿಲ್ಲ, ಲೈನ್ ಮನೆಯ ಸೋರುವ ಶೀಟು ಬದಲಾಗುವುದಿಲ್ಲ. ನಮ್ಮ ಎರಡನೇ ಗುಂಪಿನಲ್ಲಿ ಒಂದು ಸಲ ಕೂಲಿಯ ವಿಷಯಕ್ಕೆ ಮಾತು ಬಂದು ಇಬ್ಬರು ಎದ್ದು ಹೋದರು. ಒಬ್ಬರು ವಾಪಸು ಬಂದರು, ಇನ್ನೊಬ್ಬರು ಬರಲಿಲ್ಲ. ಹಾಡಿ ಅದನ್ನು ಸರಿ ಮಾಡಲು ಆಗುತ್ತಿರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಕಣ್ಣಿಗೆ ಕಂಡ ಬದಲಾವಣೆ ಚಿಕ್ಕದು. ಮೊದಲೆಲ್ಲ "ಲೈನಿನ ಆ ಹೆಂಗಸು" ಅನ್ನುತ್ತಿದ್ದವರು ಹೆಸರು ಹಿಡಿದು ಕೇಳತೊಡಗಿದರು. ಅಜ್ಜಿಗೆ ಜ್ವರ ಬಂದಾಗ ಆ ರಿಟೈರ್ಡ್ ಆಫೀಸರ್ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅಜ್ಜಿ ಅವರ ಉಚ್ಚಾರಣೆ ತಿದ್ದಿದರಂತೆ.

ಯಾವಾಗ ಶುರು ಮಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಶೀಟಿನ ಮೇಲೆ ಮಳೆ ಬೀಳುವಾಗ ಪಕ್ಕದವರ ದನಿಯೇ ಕೇಳುವುದಿಲ್ಲ, ಶ್ರುತಿ ಎಲ್ಲಿಂದ ಬರಬೇಕು. ಡಿಸೆಂಬರ್ ನಂತರ ಕಾಫಿ ಕುಯ್ಲು. ನಿಮ್ಮ ಕಡೆ ರೋಬಸ್ಟಾ ಆದ್ದರಿಂದ ಮಾರ್ಚ್‌ವರೆಗೂ ಎಳೆಯುತ್ತದೆ, ಯಾರಿಗೂ ಬಿಡುವಿರುವುದಿಲ್ಲ. ಕಾವೇರಿ ಸಂಕ್ರಮಣ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ ಶುರು ಮಾಡಿ. ಕುಯ್ಲಿಗೆ ಮೊದಲು ಆರೇಳು ವಾರ ಸಿಗುತ್ತದೆ. ಎರಡು ಹಾಡು ಗಟ್ಟಿಯಾಗುತ್ತದೆ. ಅಷ್ಟಾದರೆ ಕುಯ್ಲಿನ ಸಾಲಿನಲ್ಲಿ ಯಾರೋ ಒಬ್ಬರು ಅದನ್ನು ಗುನುಗುತ್ತಾರೆ, ಏಪ್ರಿಲ್‌ನಲ್ಲಿ ಮತ್ತೆ ಸೇರಿಸುವುದು ಸುಲಭ. ಅಲ್ಲಿಯವರೆಗೆ ನಿಮ್ಮ ಕೆಲಸ ಒಂದೇ. ಮನೆಮನೆಗೆ ಹೋಗಿ "ನಿಮ್ಮ ಮಗುವನ್ನು ಮಲಗಿಸುವಾಗ ಏನು ಹಾಡುತ್ತೀರಿ?" ಅಂತ ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವ ಮೊದಲು ಮಾಡಬಹುದಾ ಅಂತ ಕೇಳಿ. ಆಮೇಲೆ, ಐದು ಗಂಟೆಯ ನಂತರ ಗ್ರಂಥಾಲಯದ ಬೀಗದ ಕೈ ನಿಮ್ಮ ಹತ್ತಿರವೇ ಇರಲು ಪಂಚಾಯಿತಿಯಿಂದ ಒಂದು ಕಾಗದ ಬರೆಸಿಕೊಳ್ಳಿ.